ತೊಲೋಸಾದ ಕಪ್ಪು ಕಾಳಿನ ಸಾರು

ತೊಲೋಸಾದಲ್ಲಿ ಅಮ್ಮನಿಗೆ ಅಪ್ಪಟ ಸಸ್ಯಾಹಾರದ ಊಟ ಸಿಕ್ಕಿತು ಎನ್ನುವುದು ಸುಳ್ಳು. ಆ ಸುಳ್ಳನ್ನು ಮೊದಲು ಹೇಳಿದವಳು ನಾನು. ಗೊತ್ತಿದ್ದೇ ಹೇಳಿದೆ.

ನಮ್ಮ ಮನೆಯಲ್ಲಿ ಚಲಾವಣೆಯಲ್ಲಿರುವ ಕತೆ ಬೇರೆ. ಸಿಂಗಾಪುರದ ಬೂನ್ ಲೇಯ ನಮ್ಮ ಫ್ಲ್ಯಾಟಿಗೆ ಊಟಕ್ಕೆ ಬಂದವರಿಗೆಲ್ಲ ಅಪ್ಪ ಪಾಯಸದ ಜೊತೆಗೆ ಅದನ್ನೂ ಬಡಿಸುತ್ತಾರೆ. "ಸ್ಪೇನ್‌ನ ಉತ್ತರದ ತುದಿ ಕಣ್ರೀ, ಬಾಸ್ಕ್ ಸೀಮೆ ಅಂತ. ಅಲ್ಲಿ ನೀರು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಹಂದಿ ಹಾಕ್ತಾರೆ. ಅಂಥಾ ಕಡೆ, ಒಂದು ಸಂತೆ ಊರಲ್ಲಿ, ನನ್ನ ಮಗಳು ಅವಳಮ್ಮಂಗೆ ಪ್ಯೂರ್ ವೆಜ್ ಸಾರು ಹುಡುಕಿ ಕೊಡಿಸಿದ್ಲು. ದೇವರಿದಾನೆ ಅನ್ನೋಕೆ ಇನ್ನೇನ್ ಪ್ರೂಫ್ ಬೇಕು?" ಕೊನೆಯ ಮಾತನ್ನು ನನ್ನ ಕಡೆ ತಿರುಗಿಯೇ ಹೇಳುತ್ತಾರೆ. ಮನೆಯ ನಾಸ್ತಿಕಳು ನಾನು ತಾನೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಅಷ್ಟು ಹೊತ್ತಿಗೆ ಅಮ್ಮ ಎದ್ದು ಒಳಗೆ ಹೋಗಿರುತ್ತಾಳೆ — ಬಂದವರಿಗೆ ಕಾಫಿ ತರುವುದಕ್ಕೆ.

ಈ ಕತೆಗೆ ಸಾಕ್ಷಿ ಯಾರು ಎಂದು ಇವತ್ತಿನವರೆಗೆ ಯಾರೂ ಕೇಳಿಲ್ಲ. ಬೇರೆ ಯಾರದಾದರೂ ಕತೆಯಾಗಿದ್ದರೆ ಮೊದಲು ನಾನೇ ಕೇಳುತ್ತಿದ್ದೆ. ಕೇಳುವುದೇ ನನ್ನ ಕಸುಬು.

ಕಸುಬು ಎಂದರೆ ನಿಜವಾಗಿಯೂ ಕಸುಬು. ಶಾಲೆಯಿಂದ ಯೂನಿವರ್ಸಿಟಿಯವರೆಗೆ ಡಿಬೇಟ್ ತಂಡದಲ್ಲಿದ್ದೆ. ಈಗ ಟೋವಾ ಪಾಯೋದ ಒಂದು ಟ್ಯೂಷನ್ ಸೆಂಟರಿನಲ್ಲಿ ಮಕ್ಕಳಿಗೆ ಅದನ್ನೇ ಕಲಿಸುತ್ತೇನೆ. ಡಿಬೇಟಿನಲ್ಲಿ ನಿಮ್ಮ ಪಕ್ಷ ನಿಮ್ಮ ಆಯ್ಕೆಯಲ್ಲ. ನಾಣ್ಯ ಚಿಮ್ಮುತ್ತಾರೆ — ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ನಂಬದೆ ಇರುವುದನ್ನೂ ಪ್ರಾಣ ಹೋಗುವಷ್ಟು ನಂಬಿದವರ ಹಾಗೆ ಹೇಳಲು ಬರಬೇಕು. ನಡುವೆ ಎದುರಾಳಿ ಎದ್ದು ಪ್ರಶ್ನೆ ಕೇಳಿದರೆ ತಡವರಿಸಬಾರದು. ಮುಗುಳ್ನಗುತ್ತ ಒಂದೇ ಸಾಲಿನಲ್ಲಿ ಉತ್ತರಿಸಿ ಮುಂದೆ ಹೋಗಬೇಕು. ಜೂನಿಯರ್ ಕಾಲೇಜಿನ ಫೈನಲ್‌ನಲ್ಲಿ ನಮಗೆ ಸಿಕ್ಕ ವಿಷಯ ಇದು: ಅನುಭವಿಸಿದವರಿಗೆ ಗೊತ್ತೇ ಆಗದ ಅನ್ಯಾಯ ಅನ್ಯಾಯವಲ್ಲ. ನನ್ನ ಪಾಲಿಗೆ ಪರ ಬಂತು. ಗೆದ್ದೆ. ಅತ್ಯುತ್ತಮ ವಾಗ್ಮಿ ಎಂದು ಕೊಟ್ಟ ಕಪ್ಪನ್ನು ಅಮ್ಮ ದೇವರ ಗೂಡಿನ ಪಕ್ಕದಲ್ಲಿಟ್ಟಳು. ಈಗಲೂ ಅಲ್ಲೇ ಇದೆ. ದಿನಾ ಬೆಳಿಗ್ಗೆ ದೀಪ ಹಚ್ಚುವಾಗ ಅದರ ಧೂಳನ್ನೂ ಸೆರಗಿನಿಂದ ಒರೆಸುತ್ತಾಳೆ.

ಅಮ್ಮ ಕೊಡಗಿನವಳು. ಹಂದಿ ಸಾರಿಲ್ಲದೆ ಹಬ್ಬವೇ ಆಗದ ಮನೆಯಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಮೈಸೂರಿನವರು, ಈರುಳ್ಳಿ ಹೆಚ್ಚುವುದಕ್ಕೂ ವಾರ ತಿಥಿ ನೋಡುವ ಮನೆ ಅವರದು. ವಿಚಿತ್ರ ನೋಡಿ — ಅಪ್ಪ ಒನ್-ನಾರ್ತ್‌ನ ಆಫೀಸಿನಲ್ಲಿ ಸಹೋದ್ಯೋಗಿಗಳ ಜೊತೆ ಕೋಳಿ ತಿಂದು ಬರುತ್ತಾರೆ, ಮೊಟ್ಟೆಯಂತೂ ಮನೆಯಲ್ಲೇ. ಅಮ್ಮ ಮಾತ್ರ ಮಾಂಸ ಮುಟ್ಟಿದ್ದನ್ನು ನಾನು ಕಂಡೇ ಇಲ್ಲ. ತಿಂಡಿಯಂಗಡಿಗಳ ಹಾಕರ್ ಸೆಂಟರಿನಲ್ಲಿ ಅವಳು ನೂಡಲ್ಸ್ ಅಂಗಡಿಯ ಮುಂದೆ ನಿಂತು "ಆಂಟಿ, ನೋ ಮೀಟ್, ನೋ ಎಗ್, ನೋ ಫಿಶ್ ಸಾಸ್, ಕ್ಯಾನ್?" ಎಂದು ಮಂತ್ರ ಹೇಳಿದ ಹಾಗೆ ಹೇಳುವುದು, ಆ ಚೀನೀ ಆಂಟಿ ಸೌಟು ಕೆಳಗಿಟ್ಟು "ಆಯೋ, ದೆನ್ ಯೂ ಈಟ್ ವಾಟ್ ಲಾ!" ಎನ್ನುವುದು — ನನ್ನ ಬಾಲ್ಯವೆಂದರೆ ಆ ಸಾಲಿನಲ್ಲಿ ನಾಚಿಕೊಂಡು ನಿಂತದ್ದು.

ಮೈಸೂರಿನ ಅಜ್ಜಿ ಒಮ್ಮೆ ನೆಂಟರ ಮುಂದೆ ಹೆಮ್ಮೆಯಿಂದ ಹೇಳಿದ್ದರು: "ಕೊಡಗಿನ ಹುಡುಗಿ ಅಂದ್ರೆ ಏನಂತೆ? ನಮ್ಮನೆ ದಾರಿಗೆ ತಂದ್ಕೊಂಡ್ವಲ್ಲ." ಅಮ್ಮ ಅಲ್ಲೇ ಕುಳಿತಿದ್ದಳು. ನಾನು ಆಗಿನ್ನೂ ಪ್ರೈಮರಿಯಲ್ಲಿದ್ದೆ, ಆದರೂ ನನ್ನ ಕೇಸು ಅವತ್ತೇ ಸಿದ್ಧವಾಯಿತು: ಗಂಡನ ಮನೆಯವರು ಅಮ್ಮನ ನಾಲಿಗೆಯನ್ನು ಕಸಿದುಕೊಂಡಿದ್ದಾರೆ. ದೊಡ್ಡವಳಾದ ಮೇಲೆ ಒಂದು ಸಲ ಕೇಳಿದ್ದೆ, ಯಾಕಮ್ಮ ಬಿಟ್ಟೆ ಎಂದು. "ಬಿಟ್ಟೆ, ಅಷ್ಟೇ" ಎಂದಳು. ಎದುರಾಳಿಯ ಹತ್ತಿರ ಉತ್ತರವಿಲ್ಲ ಎಂದುಕೊಂಡೆ. ಸಾಕ್ಷಿ ಬಾಯಿ ಬಿಡದಿದ್ದರೆ ಹೆದರಿಸಿದ್ದಾರೆ ಎಂದೇ ಅರ್ಥ — ಅಲ್ಲವೇ? ಬೇರೆ ಅರ್ಥವಿರಬಹುದೆಂದು ನಾನು ಒಂದು ಕ್ಷಣವೂ —

ಇರಲಿ. ಮೊದಲು ಆ ದಿನ.

ಯೂನಿವರ್ಸಿಟಿಯ ಎಕ್ಸ್‌ಚೇಂಜ್‌ನಲ್ಲಿ ನಾನು ಒಂದು ಸೆಮಿಸ್ಟರ್ ಸ್ಪೇನ್‌ನ ಸ್ಯಾನ್ ಸೆಬಾಸ್ಟಿಯನ್ನಿನಲ್ಲಿದ್ದೆ. ಅಪ್ಪ ಅಮ್ಮ ನೋಡಲು ಬಂದರು. ಅಮ್ಮನ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಹೆಚ್ಚು ಅವಲಕ್ಕಿ, ಚಟ್ನಿಪುಡಿ, ಚಿಕ್ಕ ರೈಸ್ ಕುಕ್ಕರ್. ಜೊತೆಗೆ ಟವೆಲಿನಲ್ಲಿ ಮಗುವಿನ ಹಾಗೆ ಸುತ್ತಿದ ಹಿತ್ತಾಳೆಯ ಕಾಫಿ ಫಿಲ್ಟರ್, ಕೊಡಗಿನ ಪುಡಿ. ತವರಿನಿಂದ ಅವಳು ಉಳಿಸಿಕೊಂಡದ್ದು ಅದೊಂದೇ. ಬೆಳಿಗ್ಗೆ ಮೊದಲ ಲೋಟ ಕುಡಿಯುವವರೆಗೆ ಅವಳನ್ನು ಮಾತಾಡಿಸುವ ಹಾಗಿರಲಿಲ್ಲ. ಅಪ್ಪ ಕೂಡ ಪೇಪರ್ ಹಿಂದೆ ಅಡಗುತ್ತಿದ್ದರು.

ಆ ಶನಿವಾರ ತೊಲೋಸಾಕ್ಕೆ ಹೋಗೋಣವೆಂದದ್ದು ನಾನು. ಟ್ರೇನಿನಲ್ಲಿ ಸ್ವಲ್ಪ ದೂರ, ಹೊಳೆಯ ಪಕ್ಕದಲ್ಲೇ ದಾರಿ. ಬೆಳಿಗ್ಗೆ ಹೋಗಿ ಸಂಜೆಗೆ ವಾಪಸಾಗಬಹುದು. ಶನಿವಾರ ಅಲ್ಲಿ ಸಂತೆ. ಹೊಳೆಗೆ ಒತ್ತಿಕೊಂಡೇ ಕಟ್ಟಿದ ಚಾವಣಿಯ ಕೆಳಗೆ ಸುತ್ತಲಿನ ಹಳ್ಳಿಗಳ ರೈತರು ಸಾಲಾಗಿ ನಿಂತಿರುತ್ತಾರೆ — ಮಣ್ಣು ಮೆತ್ತಿದ ಈರುಳ್ಳಿ ಎಲೆ, ಗಾಲಿಯಂಥ ಚೀಸ್ ಗಟ್ಟಿಗಳು, ಉಪ್ಪುನೀರಿನಲ್ಲಿ ನೆನೆದ ತೆಳ್ಳನೆಯ ಹಸಿಮೆಣಸು, ಅಕ್ರೋಟು. ಆ ಊರಿಗೆ ಹೆಸರು ತಂದದ್ದು ಅಲ್ಲಿನ ಕಪ್ಪು ಕಾಳು. ಒಬ್ಬ ಅಜ್ಜಿ ಗೋಣಿಚೀಲದ ಬಾಯಿ ಮಡಚಿ, ಕೈ ಹಾಕು ಎಂದು ಅಮ್ಮನಿಗೆ ಸನ್ನೆ ಮಾಡಿದಳು. ಅಮ್ಮ ಮೊಣಕೈವರೆಗೆ ಇಳಿಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಯಾವ ಭಾಷೆಯ ಒಂದು ಪದವೂ ನಡುವೆ ಇರಲಿಲ್ಲ.

"ಹೊಳಪು ನೋಡೇ ಇಳಾ, ಎಣ್ಣೆ ಸವರಿದ ಹಾಗಿದೆ," ಎಂದಳು ನನಗೆ.

"ಜಾಸ್ತಿ ತಗೋ," ಅಪ್ಪ ಎಂದರು. "ಚಾಂಗಿ ಏರ್‌ಪೋರ್ಟ್ ಕಸ್ಟಮ್ಸ್‌ನೋರು ಕಪ್ಪು ಮುತ್ತು ಅಂತ ಹಿಡೀಲಿ. ಪೇಪರಲ್ಲಾದ್ರೂ ಬರೋಣ."

ಅಮ್ಮ ಅಷ್ಟು ನಕ್ಕದ್ದನ್ನು ನಾನು ಸಿಂಗಾಪುರದಲ್ಲಿ ನೋಡಿರಲಿಲ್ಲ. ಅದನ್ನು ನೋಡಿ ಏನನ್ನಿಸಿತು ಗೊತ್ತೇ? ಸಂತೋಷವಲ್ಲ. ಪುರಾವೆ ಸಿಕ್ಕಿತು ಎನ್ನಿಸಿತು. ನೋಡಿ, ಕಟ್ಟು ಸಡಿಲಿಸಿದರೆ ಈ ಹೆಂಗಸು ಹೇಗಿರುತ್ತಾಳೆ!

ಮಧ್ಯಾಹ್ನಕ್ಕೆ ಚಳಿ ಏರಿತು, ಜಿನುಗು ಹನಿ. ಅಮ್ಮನಿಗೆ ಬಿಸಿಯಾದದ್ದು ಏನಾದರೂ ಬೇಕಿತ್ತು. ಸಂತೆಯ ಹಿಂದಿನ ಬೀದಿಯಲ್ಲೊಂದು ಊಟದ ಮನೆ. ಉದ್ದ ಮೇಜುಗಳು, ರೈತರು, ಗದ್ದಲ. ಪ್ರತಿ ಮೇಜಿನ ಮೇಲೂ ಮಣ್ಣಿನ ಮಡಕೆಯಲ್ಲಿ ಕಪ್ಪು ಕಾಳಿನ ಸಾರು, ಪಕ್ಕದ ತಟ್ಟೆಯಲ್ಲಿ ಬೇರೆಯಾಗಿ ಮಾಂಸ. ನಮ್ಮಲ್ಲಿ ಸ್ಪ್ಯಾನಿಷ್ ಅಲ್ಪಸ್ವಲ್ಪ ಬರುತ್ತಿದ್ದುದು ನನಗೊಬ್ಬಳಿಗೇ. ಯಜಮಾನಿಯನ್ನು ಕೇಳಿದೆ.

ಇಲ್ಲಿ ಸರಿಯಾಗಿ ಹೇಳಬೇಕು, ಏಕೆಂದರೆ ಆ ಹೆಂಗಸಿನ ತಪ್ಪು ಎಳ್ಳಷ್ಟೂ ಇಲ್ಲ. ಭಾಷೆ ಅರ್ಥವಾಗದೆ ಏನೋ ಎಡವಟ್ಟಾಯಿತು ಎಂದು ಜಾರಿಕೊಳ್ಳುವುದಕ್ಕೂ ಅವಳು ಜಾಗ ಬಿಡಲಿಲ್ಲ. ನಿಧಾನವಾಗಿ, ಬೆರಳು ಮಡಚಿ ಮಡಚಿ ಹೇಳಿದಳು: ಮಾಂಸವನ್ನು ಬೇರೆ ತಟ್ಟೆಯಲ್ಲಿ ಕೊಡುತ್ತೇವೆ, ನಿಜ. ಆದರೆ ಬೆಳಗಿನಿಂದ ಕಾಳು ಬೆಂದಿರುವುದು ಹಂದಿಯ ಪಕ್ಕೆಲುಬು, ಕೊಬ್ಬಿನ ಜೊತೆಗೇ. ನಿಮ್ಮ ತಾಯಿ ತಿನ್ನುವುದಿಲ್ಲವಾದರೆ ಆಲೂಗಡ್ಡೆ ಹುರಿದು ಕೊಡುತ್ತೇನೆ, ಮೆಣಸಿನಕಾಯಿ ಇದೆ, ಚೀಸ್ ಇದೆ. ಅಮ್ಮನ ಕಡೆ ನೋಡಿ, ಕ್ಷಮಿಸಿ ಎನ್ನುವ ಹಾಗೆ ಎದೆಯ ಮೇಲೆ ಕೈಯಿಟ್ಟುಕೊಂಡಳು ಕೂಡ.

ನಾನು ಎರಡು ಸಾರು ಹೇಳಿದೆ. ಅಪ್ಪನಿಗೆ ಆಮ್ಲೆಟ್ — "ಕಾಳು ನನಗೆ ಬೇಡಪ್ಪ, ವಾಪಸ್ ಟ್ರೇನಲ್ಲಿ ಪಕ್ಕ ಕೂತೋರ ಗತಿ ನೋಡ್ಬೇಕಲ್ಲ."

ಹಟಕ್ಕೆ ಮಾಡಿದೆನೇ, ಕುತೂಹಲಕ್ಕೆ ಮಾಡಿದೆನೇ? ಎರಡೂ ಅಲ್ಲ — ಪ್ರೀತಿಯಿಂದ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ, ಅದೇ ಭಯಾನಕ. ಕಸಿದುಕೊಂಡದ್ದನ್ನು ಹಿಂತಿರುಗಿಸುತ್ತಿದ್ದೇನೆ ಎಂದುಕೊಂಡಿದ್ದೆ. ಊಟ ಮುಗಿದ ಮೇಲೆ ಹೇಳುವ ಯೋಜನೆಯಿತ್ತು: ನೋಡು, ತಿಂದೆ, ಆಕಾಶ ಬಿತ್ತೇ? ಇಷ್ಟು ವರ್ಷ ಇದನ್ನು ನಿನ್ನಿಂದ ಕಿತ್ತುಕೊಂಡವರು ಯಾರು? ವಾಕ್ಯಗಳೆಲ್ಲ ತಯಾರಿದ್ದವು. ಎಲ್ಲಿ ದನಿ ಇಳಿಸಬೇಕು ಎನ್ನುವುದೂ.

ಸಾರು ಬಂತು. ಅಮ್ಮ ಒಂದು ಚಮಚ ಬಾಯಿಗಿಟ್ಟು ತಡೆದಳು. ಚಮಚ ಕೈಯಲ್ಲೇ ಇತ್ತು.

"ಇದರಲ್ಲಿ ಏನೂ ಇಲ್ಲ ತಾನೆ?"

ಎದುರಾಳಿಯ ಪ್ರಶ್ನೆ. ತಡವರಿಸಬಾರದು.

"ಏನೂ ಇಲ್ಲಮ್ಮ. ಪ್ಯೂರ್ ವೆಜ್." ಮುಗುಳ್ನಕ್ಕೆ ಕೂಡ.

"ಸರಿಯಾಗಿ ಕೇಳಿದ್ಯಾ?"

"ಕೇಳಿದೆ. ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?"

ಅಮ್ಮ ನನ್ನನ್ನು ನೋಡಿದಳು. ಪಕ್ಕದ ಮೇಜಿನವರು ಯಾವುದಕ್ಕೋ ಜೋರಾಗಿ ನಗುತ್ತಿದ್ದರು. "ನಿನ್ನ ಮೇಲೆ ಇಲ್ದೆ ಇನ್ಯಾರ ಮೇಲೆ ಇರ್ಬೇಕೇ," ಎಂದಳು. ಬಟ್ಟಲಿನ ಮೇಲೆ ಬಾಗಿ ತಿನ್ನತೊಡಗಿದಳು. ಪೂರ್ತಿ ತಿಂದಳು. ಕೊನೆಗೆ ಬ್ರೆಡ್ಡಿನ ಚೂರಿನಿಂದ ತಳವನ್ನೂ ಒರೆಸಿ, ಯಜಮಾನಿ ಬಂದಾಗ ಅವಳ ಕೈ ಹಿಡಿದು "ಗ್ರಾಸಿಯಾಸ್" ಎಂದಳು — ಧನ್ಯವಾದ ಹೇಳಲು ನಾನೇ ಹೇಳಿಕೊಟ್ಟಿದ್ದ ಪದ. ಯಜಮಾನಿ ಒಮ್ಮೆ ಖಾಲಿ ಬಟ್ಟಲನ್ನು ನೋಡಿದಳು, ಒಮ್ಮೆ ನನ್ನನ್ನು.

ಹೊರಗೆ ಬಂದ ಮೇಲೆ ಅಮ್ಮ ಒಬ್ಬಳೇ ಹೊಳೆಯ ಅಂಚಿಗೆ ಹೋಗಿ, ಕಬ್ಬಿಣದ ಕಂಬಿ ಹಿಡಿದು, ನಮಗೆ ಬೆನ್ನು ಮಾಡಿ ನಿಂತಳು. ಹನಿ ಬೀಳುತ್ತಲೇ ಇತ್ತು. ಕೊಡೆ ಬಿಚ್ಚಲಿಲ್ಲ.

"ಬಾತುಕೋಳಿ ನೋಡ್ತಿದಾಳೆ," ಅಪ್ಪ ಎಂದರು. "ಮಗು ಥರ."

ನಾನು ನನ್ನ ಮುಕ್ತಾಯ ಭಾಷಣವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓಡಿಸುತ್ತಿದ್ದೆ. ಆದರೆ ಟ್ರೇನಿನಲ್ಲಿ ಅಮ್ಮ ನನ್ನ ಭುಜಕ್ಕೆ ತಲೆಯಾನಿಸಿದಳು, ಕೈ ಹಿಡಿದುಕೊಂಡಳು. ಅವಳು ಕೈ ಹಿಡಿಯುವುದೇ ಒಂದು ಬಗೆ, ಚಿಕ್ಕಂದಿನಿಂದಲೂ — ಬೆರಳು ಹೆಣೆಯುವುದಿಲ್ಲ, ಎರಡು ಬೆರಳನ್ನು ನನ್ನ ಮಣಿಕಟ್ಟಿನ ಒಳಬದಿಗೆ ಒತ್ತಿ ಇಡುತ್ತಾಳೆ. ಹಾಗೇ ನಿದ್ದೆಹೋದಳು. ಏಳಲಿ, ಹೇಳೋಣ ಎಂದುಕೊಂಡೆ. ಎದ್ದಾಗ ಸ್ಟೇಷನ್ ಬಂದಿತ್ತು. ನಾಳೆ ಹೇಳೋಣ. ಅಷ್ಟರಲ್ಲಿ ಅಪ್ಪ ಫೋನಿನಲ್ಲಿ ಯಾರಿಗೋ ಆಗಲೇ ಹೇಳತೊಡಗಿದ್ದರು — "ನನ್ನ ಮಗಳು ಹುಡುಕಿ ಕೊಡಿಸಿದ್ಲು ಕಣೋ!"

ಆಮೇಲೆ ಏನೂ ಆಗಲಿಲ್ಲ. ನನ್ನ ವಾದದ ಪ್ರಕಾರ ಆಗಬಾರದೂ ಕೂಡ. ನಾನು ಓದು ಮುಗಿಸಿದೆ. ಅಪ್ಪನ ಕತೆ ಊರೂರು ಸುತ್ತಿತು. ಆ ಕಾಳನ್ನು ಅಮ್ಮ ಒಮ್ಮೆ ಬೇಯಿಸಿದಳು, ಅಪ್ಪ ರುಚಿ ನೋಡಿ, "ನೀನು ಅಲ್ಲಿ ತಟ್ಟೆ ನೆಕ್ಕಿದ್ದು ಇದನ್ನೇನಾ?" ಎಂದು ರೇಗಿಸಿದರು. "ಆ ಊರಿನ ನೀರೇ ಬೇರೆ, ಬಿಡಿ," ಎಂದಳು ಅಮ್ಮ. ಉಳಿದ ಕಾಳು ಗಾಜಿನ ಡಬ್ಬಿಯಲ್ಲಿ ಹಾಗೇ ಕುಳಿತಿದೆ. ಆ ಹೊತ್ತಿಗೇ ಅವಳಿಗೆ ಅಸಿಡಿಟಿಯೂ ಶುರುವಾಯಿತು. ಕಾಫಿ ಬಿಟ್ಟು ಜೀರಿಗೆ ನೀರು ಕುಡಿಯತೊಡಗಿದಳು. ವಯಸ್ಸಾಯಿತಲ್ಲ ಎಂದುಕೊಂಡೆವು.

ಈ ವರ್ಷ ಕ್ಲಾಸಿನಲ್ಲಿ ಮಾತಾಡುತ್ತ ಮಾತಾಡುತ್ತ ನನಗೆ ಉಸಿರು ಸಿಕ್ಕದಾಯಿತು. ವಾಕ್ಯ ಅರ್ಧಕ್ಕೆ ನಿಂತಿತು. ಮಕ್ಕಳು ಅದೂ ಒಂದು ತಂತ್ರವೆಂದುಕೊಂಡು ಬರೆದುಕೊಂಡವು. ಎಂಆರ್‌ಟಿ ರೈಲು ನಿಲ್ದಾಣದ ಮೆಟ್ಟಿಲಿನಲ್ಲಿ ಎರಡು ಸಲ ಕುಳಿತುಬಿಟ್ಟೆ. ನನ್ನ ಎದೆಯ ಮೇಲೊಂದು ಉದ್ದನೆಯ ಗೆರೆಯಿದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಹೃದಯದ ಒಂದು ಕವಾಟವನ್ನು ರಿಪೇರಿ ಮಾಡಿದ್ದರಂತೆ. ಅದು ಮುಗಿದ ಕತೆ ಎಂದು ತಿಳಿದಿದ್ದೆ. ಮುಗಿದಿಲ್ಲ ಎಂದರು ಡಾಕ್ಟರು. ಕವಾಟ ಸೋರುತ್ತಿದೆ, ಮತ್ತೆ ತೆರೆಯಬೇಕು, ಈ ಸಲ ಅಪಾಯ ಸ್ವಲ್ಪ ಹೆಚ್ಚು.

ಅವತ್ತು ಆಸ್ಪತ್ರೆಯಲ್ಲಿ ಅಮ್ಮ ಔಷಧಿಯ ಸಾಲಿನಲ್ಲಿ ನಿಂತಿದ್ದಳು. ಅಪ್ಪ ನನ್ನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ.

"ನಿನ್ನಮ್ಮ ಒಂದೇ ಸಮ ಕೇಳ್ತಿದಾಳೆ," ಎಂದರು, "ನನ್ನಿಂದ ಎಲ್ಲಿ ತಪ್ಪಾಯ್ತು, ನನ್ನಿಂದ ಎಲ್ಲಿ ತಪ್ಪಾಯ್ತು ಅಂತ."

"ಅಮ್ಮನಿಂದ ಯಾಕಪ್ಪ ತಪ್ಪಾಗತ್ತೆ? ವಾಲ್ವ್ ಲೀಕ್ ಆಗೋದು ಪ್ಲಂಬಿಂಗ್ ವಿಷಯ."

"ನಿನಗೆ ಹೇಳಿಲ್ಲ ನಾವು." ಅಪ್ಪ ಕನ್ನಡಕ ತೆಗೆದರು. "ನೀನು ಹುಟ್ಟಿದಾಗ ಆಪರೇಷನ್‌ಗೆ ಒಳಗೆ ಕರ್ಕೊಂಡ್ ಹೋದ್ರಲ್ಲ, ಆಗ ಅವಳು ಹರಕೆ ಹೊತ್ಲು. ಈ ಮಗು ಎದೆ ಬಡೀತಾ ಇರೋವರೆಗೂ ಮಾಂಸ ಮುಟ್ಟಲ್ಲ ಅಂತ. ಅವಳಿಗೆ ಅದಕ್ಕಿಂತ ಇಷ್ಟವಾದದ್ದು ಇರ್ಲಿಲ್ಲ ಕಣೇ, ಅದಕ್ಕೇ ಅದನ್ನ ಕೊಟ್ಟಳು. ನಮ್ಮಮ್ಮ ಅದನ್ನ ತನ್ನ ಗೆಲುವು ಅಂದ್ಕೊಂಡ್ಲು. ಇವಳು ಅನ್ಕೊಳ್ಳಿ ಬಿಡಿ ಅಂದ್ಲು."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮಗು ಮೇಲೆ ಹೊರೆ ಹಾಕಿದ ಹಾಗಾಗತ್ತೆ ಅಂದ್ಲು. ಇಷ್ಟು ವರ್ಷದಲ್ಲಿ ಒಂದು ತುತ್ತೂ ತಪ್ಪಿಲ್ಲ ನೋಡು. ಆ ಹಂದಿ ಸೀಮೆಯಲ್ಲೂ ನೀನೇ ಕಾಪಾಡ್ದೆ ಅವಳನ್ನ."

ಅಪ್ಪ ನನ್ನ ಬೆನ್ನು ತಟ್ಟಿದರು. ಸಾಲಿನಿಂದ ಅಮ್ಮ ತಿರುಗಿ ನೋಡಿ, ಇನ್ನೂ ಇಬ್ಬರಿದ್ದಾರೆ ಎಂದು ಬೆರಳು ತೋರಿಸಿದಳು.

ನಾನು ಹರಕೆಯನ್ನು ನಂಬುವುದಿಲ್ಲ. ಇವತ್ತಿಗೂ. ಒಂದು ಬಟ್ಟಲು ಸಾರಿಗೂ ಒಂದು ಕವಾಟಕ್ಕೂ ಕಾರ್ಯಕಾರಣ ಸಂಬಂಧವಿಲ್ಲ; ಇದ್ದರೆ ಜಗತ್ತು ಬೇರೆ ಥರ ಇರುತ್ತಿತ್ತು. ಆದರೆ ಆ ವಾದ ನನಗಾಗಿ ಮಾತ್ರ. ನಂಬಿದವಳು ಅವಳು. ಅವಳ ನಂಬಿಕೆಯೊಳಗೆ ನನ್ನ ಎದೆಬಡಿತ ಇದ್ದದ್ದು ಅವಳ ನಾಲಿಗೆಯ ಮೇಲೆ — ನಾನು ಅದನ್ನು ಒಂದು ಮಾತಿಗೋಸ್ಕರ, ಗೆಲ್ಲುವುದಕ್ಕೋಸ್ಕರ —

ಈಗ ಎರಡೂ ಪಕ್ಷ ಮಾಡಿ ನೋಡಿದ್ದೇನೆ, ನಾಣ್ಯವಿಲ್ಲದೆ. ಹೇಳಿದರೆ, ತನ್ನ ಬಾಯಿಂದಲೇ ಮಗಳ ಎದೆ ಸೋರಿತು ಎಂದು ಅಮ್ಮ ತೀರ್ಮಾನಿಸುತ್ತಾಳೆ. ಯಾವ ವಾದವೂ ಅವಳನ್ನು ಅಲ್ಲಿಂದ ಅಲುಗಿಸುವುದಿಲ್ಲ. ಹೇಳದಿದ್ದರೆ, ಎಲ್ಲಿ ತಪ್ಪಿದೆ ಎಂದು ತನ್ನೊಳಗೇ ತಡಕುತ್ತಿರುತ್ತಾಳೆ. ನಾನು ಆಪರೇಷನ್ ಮೇಜಿನಿಂದ ಎದ್ದು ಬಾರದೆ ಹೋದರೆ ಉಳಿದ ಆಯುಷ್ಯವೆಲ್ಲ ತಡಕುತ್ತಾಳೆ. ಅವಳ ತಪ್ಪಲ್ಲ ಎನ್ನಬೇಕಾದರೆ ನನ್ನ ತಪ್ಪು ಎನ್ನಲೇಬೇಕು. ಎರಡೂ ಕಡೆ ಸೋಲುವ ವಿಷಯವನ್ನು ಯಾರೂ ಸ್ಪರ್ಧೆಗೆ ಇಡುವುದಿಲ್ಲ.

ಇಷ್ಟೇ ಆಗಿದ್ದರೆ ಬಹುಶಃ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆ. ಕಳೆದ ವಾರ ಊಟಕ್ಕೆ ಕುಳಿತಾಗ ಅಮ್ಮನ ತಟ್ಟೆಯಲ್ಲಿ ಅನ್ನವಿರಲಿಲ್ಲ. ಒಂದು ಸೌತೆಕಾಯಿ, ಒಣ ಚಪಾತಿ. "ಶುಗರ್ ಬಾರ್ಡರ್‌ನಲ್ಲಿದೆಯಂತೆ, ಅನ್ನ ಬಿಟ್ಬಿಟ್ಟೆ," ಎಂದಳು. ಯಾವ ಡಾಕ್ಟರೂ ಹಾಗೆ ಹೇಳಿಲ್ಲ. ನನಗೆ ಗೊತ್ತು, ಈಚೆಗೆ ಅವಳು ಡಾಕ್ಟರ ಹತ್ತಿರ ಹೋದದ್ದೆಲ್ಲ ನನಗಾಗಿಯೇ. ಯಾಕೋ ಅಡುಗೆಮನೆಯ ಮೇಲಿನ ಶೆಲ್ಫಿನತ್ತ ನೋಡಿದೆ. ಹಿತ್ತಾಳೆಯ ಫಿಲ್ಟರ್ ಅಲ್ಲಿತ್ತು. ಸ್ಪೇನ್‌ಗೆ ಹೋಗುವಾಗ ಸುತ್ತಿದ್ದ ಅದೇ ಟವೆಲು. ವಾಪಸ್ ಬಂದ ಮೇಲೆ ಅದನ್ನು ಅವಳು ಬಿಚ್ಚಿಯೇ ಇರಲಿಲ್ಲ. ಬಂದವರಿಗೆ ಮಾಡಿಕೊಡುವುದು ಡಬ್ಬಿಯ ಇನ್‌ಸ್ಟಂಟ್ ಪುಡಿಯಲ್ಲಿ.

ಅಪ್ಪ ಆ ಕತೆ ಎತ್ತಿದಾಗಲೆಲ್ಲ ಎದ್ದು ಒಳಗೆ ಹೋಗುವುದು — ಕಾಫಿ ತರಲು. ತಾನು ಕುಡಿಯದ ಕಾಫಿ.

ಅಮ್ಮ, ಇನ್ನು ಮುಂದಿನದು ನಿನಗೆ. ಅಪ್ಪ ನಾಲ್ಕು ಸಾಲಿಗಿಂತ ಹೆಚ್ಚು ಓದುವವರಲ್ಲ. ನನಗೆ ಓದು ಬರಹ ಕಲಿಸಿದ್ದು ನೀನು, ಇದನ್ನು ಓದುವುದೂ ನೀನೇ. ಆ ಸಾರಿನಲ್ಲಿ ಹಂದಿಯಿತ್ತು. ಆ ಹೆಂಗಸು ನನಗೆ ಸ್ಪಷ್ಟವಾಗಿ ಹೇಳಿದ್ದಳು. ನೀನು ಎರಡು ಸಲ ಕೇಳಿದೆ, ನಾನು ಎರಡು ಸಲವೂ ಸುಳ್ಳು ಹೇಳಿದೆ, ಎರಡನೆಯ ಸಲ ನಿನ್ನ ನಂಬಿಕೆಯನ್ನೇ ನಿನ್ನ ಮುಂದೆ ಹಿಡಿದೆ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ನೀನು ಕೊಟ್ಟುಬಿಡುತ್ತೀಯ. ನಿನ್ನ ನಾಲಿಗೆ ಹುಟ್ಟಿನಿಂದ ಬಲ್ಲ ರುಚಿ ಅದು, ಅದನ್ನು ಮರೆಸಲು ಯಾವ ಹೊಳೆಯ ನೀರಿಗೂ ಆಗುವುದಿಲ್ಲ ಎಂದು ನನಗೆ ಹೊಳೆದದ್ದು ಈಗ. ಅಂದರೆ ಮೊದಲ ಚಮಚಕ್ಕೇ — ಅಂದರೆ, ಮಗಳನ್ನು ಸುಳ್ಳಿ ಮಾಡುವುದಕ್ಕಿಂತ — ಇಲ್ಲ, ನಾನು ಊಹಿಸುವುದಿಲ್ಲ. ಒಮ್ಮೆ ಊಹಿಸಿದ್ದಕ್ಕೇ ಇದೆಲ್ಲ.

ಕೇಳುತ್ತೇನೆ ಅಷ್ಟೇ. ಅವತ್ತು ಕೇಳಬೇಕಾಗಿದ್ದ ಹಾಗೆ, ಉತ್ತರ ಗೊತ್ತಿಲ್ಲದವಳ ಹಾಗೆ.

ಅಮ್ಮ, ನೀನು ಕಾಫಿ ಯಾಕೆ ಬಿಟ್ಟೆ?